ಕೊಳ್ಳುವವರಿಗೆ ಕಲಿಸುವ ಕೆಲಸ

(ವಸ್ತಾರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ಕೃಷಿಗೆ ಸಂಬಂಧಪಟ್ಟ ಯಾವ ವಿಷಯವನ್ನಾದರೂ ಆರಿಸಿಕೊಳ್ಳಿ ಎಂದು ಸಂಘಟಕರು ನನಗೆ ಸ್ವಾತಂತ್ರ್ಯ ಕೊಟ್ಟರು. ಕಾಫಿ ಬೆಳೆಯುವುದು ಹೇಗೆ ಎಂದು ವಸ್ತಾರೆ ಹೋಬಳಿಯ ಬೆಳೆಗಾರರ ಈ ಸಭೆಯ ಮುಂದೆ ಹೇಳುವ ಧೈರ್ಯ ನನಗಿಲ್ಲ. ಹೂಮಳೆ ಎಷ್ಟು ಬಿದ್ದರೆ ಸಾಕು, ಮರಗಸಿ ಎಲ್ಲಿ ನಿಲ್ಲಿಸಬೇಕು ಎಂಬುದು ಇಲ್ಲಿ ಹಿಂದಿನ ಸಾಲಿನಲ್ಲಿ ಕೂತ ಹುಡುಗರಿಗೂ ಗೊತ್ತು. ಹಾಗಾಗಿ ಬೆಳೆ ಚೀಲ ಸೇರಿ ಗೇಟು ದಾಟಿದ ಮೇಲಿನ ಒಂದು ಸಂಗತಿಯನ್ನು ಎತ್ತಿಕೊಂಡಿದ್ದೇನೆ. ನಮ್ಮ ಸರಕನ್ನು ಕೊಳ್ಳುವ ಹೊರದೇಶದವರಿಗೆ, ಅದನ್ನು ಹುರಿದು ಪುಡಿ ಮಾಡುವವರಿಗೆ, ಆ ಸರಕಿನ ವಿದ್ಯೆಯನ್ನು ಕಲಿಸುವವರು ಯಾರು? ಕಲಿಸಬೇಕಾದವರು ಯಾರು?

ಗೋಧಿ ಬೆಳೆಯುವ ದೇಶಗಳು ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನವರಿಗೆ ಗೋಧಿ ಮಾರಬೇಕಾಗಿತ್ತು, ಜಪಾನಿನವರು ಅನ್ನ ಉಣ್ಣುವವರು. ಅಮೆರಿಕದ ಆರೆಗನ್ ರಾಜ್ಯದ ಗೋಧಿ ಬೆಳೆಗಾರರ ಸಂಘ 1956ರಲ್ಲಿ ಜಪಾನಿನಲ್ಲಿ ಅಡುಗೆಮನೆ ಹೊತ್ತ ಬಸ್ಸುಗಳನ್ನು ಓಡಿಸುವ ಕಾರ್ಯಕ್ರಮಕ್ಕೆ ಕೈಹಾಕಿತು. ಬಸ್ಸು ಊರೂರಿಗೆ ಹೋಗುತ್ತಿತ್ತು, ಪಕ್ಕದ ಬಾಗಿಲು ತೆರೆದರೆ ಒಲೆ, ಪಾತ್ರೆ, ಗೋಧಿ ಹಿಟ್ಟಿನಲ್ಲಿ ಏನೇನು ಮಾಡಬಹುದು ಎಂದು ತೋರಿಸುವ ಹೆಂಗಸರು. ಕೆನಡಾದವರು 1972ರಲ್ಲಿ ವಿನಿಪೆಗ್ ನಗರದಲ್ಲಿ ಕೊಳ್ಳುವವರಿಗೆ ಕಲಿಸಲೆಂದೇ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದ ಉತ್ತರ ಡಕೋಟಾದ ಫಾರ್ಗೊ ಊರಿನಲ್ಲಿ ನಾರ್ದರ್ನ್ ಕ್ರಾಪ್ಸ್ ಇನ್‌ಸ್ಟಿಟ್ಯೂಟ್ ಎಂಬುದಿದೆ. ಗೋಧಿ, ಸೋಯಾ, ಸೂರ್ಯಕಾಂತಿ, ಬಟಾಣಿ ಕೊಳ್ಳುವ ದೇಶಗಳಿಂದ ಖರೀದಿದಾರರು, ಗಿರಣಿಯವರು, ಬೇಕರಿಯವರು ಅಲ್ಲಿಗೆ ಬರುತ್ತಾರೆ. ಒಂದು ಕಡೆ ಹೊಲ ನೋಡುತ್ತಾರೆ, ಇನ್ನೊಂದು ಕಡೆ ಸಣ್ಣ ಗಿರಣಿಯಲ್ಲಿ ಅದೇ ಹೊಲದ ಕಾಳು ಹಿಟ್ಟಾಗಿ, ಶಾವಿಗೆಯಾಗಿ, ಬ್ರೆಡ್ಡಾಗಿ ಹೊರಬರುವುದನ್ನು ನೋಡುತ್ತಾರೆ. ಗುತ್ತಿಗೆ ಪತ್ರ ಬರೆಯುವುದು ಹೇಗೆ, ಬೆಲೆ ಏರಿಳಿತದಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂಬ ಪಾಠವೂ ಇರುತ್ತದೆ.

ಇದು ಧರ್ಮಕಾರ್ಯವಲ್ಲ. ಒಂದು ಬಗೆಯ ಗೋಧಿಗೆ ಹೊಂದಿಕೊಂಡು ಯಂತ್ರ ತಿರುಗಿಸುವುದನ್ನು ಕಲಿತ ಗಿರಣಿಯವನು ಮರುವರ್ಷ ಬೇರೆ ಗೋಧಿಗೆ ಸುಲಭವಾಗಿ ಹೋಗುವುದಿಲ್ಲ. ಅಳತೆಗೋಲು ಕೊಟ್ಟವನ ಸರಕೇ ಆ ಅಳತೆಗೆ ಸರಿಯಾಗಿ ಕೂರುತ್ತದೆ. ಬೆಳೆದವನು ಖರ್ಚು ಮಾಡಿ ಕಲಿಸುವುದರ ಹಿಂದಿನ ಲೆಕ್ಕ ಇಷ್ಟೇ.

ನಮ್ಮ ಕರ್ನಾಟಕದಲ್ಲಿ ಇಂತಹದ್ದು ಇಲ್ಲವೇ ಎಂದರೆ, ಇದೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರ ಅಕ್ಟೋಬರ್‌ನಲ್ಲಿ ಶುರುವಾದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ನಿಮಗೆಲ್ಲ ಗೊತ್ತಿರುವ ಹೆಸರು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1960ರ ದಶಕದಲ್ಲೇ ಅಲ್ಲಿ ಅಂತರರಾಷ್ಟ್ರೀಯ ಆಹಾರ ತಂತ್ರಜ್ಞಾನ ತರಬೇತಿ ಕೇಂದ್ರ ಆರಂಭವಾಯಿತು. ಆಮೇಲೆ ಸ್ವಿಟ್ಜರ್ಲೆಂಡಿನ ಸಹಕಾರದಿಂದ ಹಿಟ್ಟಿನ ಗಿರಣಿ ನಡೆಸುವ ವಿದ್ಯೆಯ ಅಂತರರಾಷ್ಟ್ರೀಯ ಶಾಲೆಯೂ ಬಂತು. ರೋಲರ್‌ಗಳ ನಡುವೆ ಕಾಳನ್ನು ಎಷ್ಟು ಬಿಗಿ ಹಿಡಿಯಬೇಕು, ಅರೆಯುವ ಮೊದಲು ಎಷ್ಟು ನೀರು ಚಿಮುಕಿಸಿ ಎಷ್ಟು ಹೊತ್ತು ಬಿಡಬೇಕು, ರವೆ ಯಾವ ಜರಡಿಯಲ್ಲಿ ನಿಂತು ಮೈದಾ ಯಾವ ಜರಡಿಯಲ್ಲಿ ಇಳಿಯಬೇಕು ಎಂಬುದನ್ನು ಏಷ್ಯಾ, ಆಫ್ರಿಕಾಗಳಿಂದ ಬಂದವರು ಮೈಸೂರಿನಲ್ಲಿ ಕಲಿತು ಹೋಗಿದ್ದಾರೆ. ನನಗೆ ಮೋಜೆನಿಸುವುದು ಏನೆಂದರೆ, ಮೈಸೂರು ರಾಗಿ, ಭತ್ತದ ಸೀಮೆ. ತಾನು ಬೆಳೆಯದ ಗೋಧಿಯ ಪಾಠವನ್ನು ಅದು ಜಗತ್ತಿಗೆ ಹೇಳಿಕೊಟ್ಟಿತು. ಸುತ್ತ ಎಲ್ಲಿ ನೋಡಿದರೂ ಕಾಫಿಯೇ ಕಾಣುವ ನಮ್ಮ ಗುಡ್ಡಗಳಲ್ಲಿ ಕಾಫಿ ಕೊಳ್ಳುವವನಿಗೆ ಪಾಠ ಹೇಳುವ ಒಂದು ಕೊಠಡಿ ಹುಡುಕಿದರೆ ಸಿಗುವುದು ಕಷ್ಟ.

ಕಲಿಸುವ ಬುದ್ಧಿ ನಮಗೆ ಮೊದಲಿನಿಂದಲೂ ಇರಲಿಲ್ಲ ಎನ್ನುವಂತಿಲ್ಲ. 1935ರಲ್ಲಿ ಕಾಫಿ ಸೆಸ್ ಕಮಿಟಿ ಆಯಿತು. ಮರುವರ್ಷ ಅದೇ ಕಮಿಟಿ ಬೊಂಬಾಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಚಹಾ ಕುಡಿಯುವ ಉತ್ತರದವರಿಗೆ ಕಾಫಿ ಕುಡಿಸಿ ಅಭ್ಯಾಸ ಮಾಡಿಸುವುದೇ ಅದರ ಉದ್ದೇಶ. ರುಮಾಲು ಕಟ್ಟಿದ ಮಾಣಿ ಒಳ್ಳೆಯ ಕಾಫಿಯನ್ನು ಒಳ್ಳೆಯ ಬಟ್ಟಲಿನಲ್ಲಿ ತಂದಿಟ್ಟದ್ದು ಕೂಡ ಒಂದು ಪಾಠವೇ. ಅದನ್ನು ಕಲಿತವರ ಮೊಮ್ಮಕ್ಕಳು ಇಂದಿಗೂ ದೆಹಲಿ, ಕೋಲ್ಕತ್ತಾಗಳಲ್ಲಿ ಕಾಫಿ ಹೌಸ್‌ನಲ್ಲಿ ಕೂತು ಜಗಳವಾಡುತ್ತಾರೆ.

ಆಮೇಲೆ ಯುದ್ಧ ಬಂತು, ಯುರೋಪಿನ ಮಾರುಕಟ್ಟೆ ಮುಚ್ಚಿತು. 1940ರ ಸುಗ್ರೀವಾಜ್ಞೆ, 1942ರ ಕಾಫಿ ಕಾಯಿದೆ, ಪೂಲ್ ಪದ್ಧತಿ. ಈ ಚರಿತ್ರೆಯನ್ನು ಉದ್ದಕ್ಕೆ ಹೇಳುವುದಿಲ್ಲ, ನಿಮ್ಮಲ್ಲಿ ಹಿರಿಯರು ಅದನ್ನು ಬದುಕಿದವರು. ಮನೆ ಖರ್ಚಿಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಪೂಲಿಗೆ ಒಪ್ಪಿಸಬೇಕು, ದುಡ್ಡು ಕಂತುಕಂತಾಗಿ ಬರಬೇಕು. ಆ ಪದ್ಧತಿ ಸಣ್ಣ ಬೆಳೆಗಾರನನ್ನು ಮುಳುಗದಂತೆ ಹಿಡಿದುಕೊಂಡಿತು ಎಂಬುದನ್ನು ನಾನು ಒಪ್ಪುತ್ತೇನೆ. ಪೂಲನ್ನು ಬೈಯುವುದು ಈಗ ಫ್ಯಾಷನ್ ಆಗಿದೆ, ಆ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಒಂದು ನಷ್ಟವಾಯಿತು. ಲಂಡನ್ನಿನ ಮಿನ್ಸಿಂಗ್ ಲೇನ್ ಹರಾಜಿನಲ್ಲಿ ಒಂದು ಕಾಲಕ್ಕೆ ತೋಟದ ಗುರುತು ಹೊತ್ತ ಚೀಲಗಳು ಮಾರಾಟವಾಗುತ್ತಿದ್ದವು. ಪೂಲಿನಲ್ಲಿ ಆ ಗುರುತು ಅಳಿಸಿಹೋಯಿತು. ವಸ್ತಾರೆಯ ಕಾಫಿಯೂ ಕಳಸದ ಕಾಫಿಯೂ ಸಕಲೇಶಪುರದ ಕಾಫಿಯೂ ಒಂದೇ ರಾಶಿಗೆ ಬಿದ್ದು ಪ್ಲಾಂಟೇಷನ್ ಎ, ಪ್ಲಾಂಟೇಷನ್ ಬಿ, ಚೆರ್ರಿ ಎಬಿ ಎಂಬ ಹೆಸರುಗಳಾದವು. ಕೊಂಡವನಿಗೆ ಬೆಳೆದವನು ಯಾರೆಂದು ಗೊತ್ತಿಲ್ಲ, ಬೆಳೆದವನಿಗೆ ಕುಡಿದವನು ಯಾರೆಂದು ಗೊತ್ತಿಲ್ಲ. 1980ರ ದಶಕದಲ್ಲಿ ಸೋವಿಯತ್ ಒಕ್ಕೂಟ ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿಯನ್ನು ದೊಡ್ಡ ಪ್ರಮಾಣದಲ್ಲಿ ಎತ್ತುತ್ತಿದ್ದಾಗ ಗೊತ್ತಿರಬೇಕಾದ ಅಗತ್ಯವೂ ಕಾಣಲಿಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಬಿತ್ತು. 1992ರಿಂದ ಹಂತಹಂತವಾಗಿ ಸಡಿಲವಾದ ಪೂಲ್ 1996ರಲ್ಲಿ ಮುಗಿಯಿತು. ನಾವು ಮಾರುಕಟ್ಟೆಗೆ ಬಂದು ನಿಂತಾಗ ಅಲ್ಲಿ ಕೊಲಂಬಿಯಾದವರು ನಮಗಿಂತ ಬಹಳ ಮುಂದೆ ಕೂತಿದ್ದರು. ಅವರ ಬೆಳೆಗಾರರ ಒಕ್ಕೂಟ 1927ರದ್ದು. ಹೇಸರಗತ್ತೆ ಹಿಡಿದು ನಿಂತ ಹ್ವಾನ್ ವಾಲ್ದೆಸ್ ಎಂಬ ಕಾಲ್ಪನಿಕ ರೈತನನ್ನು ಅವರು 1959ರಲ್ಲೇ ಅಮೆರಿಕದವರ ಅಡುಗೆಮನೆಗೆ ಕಳಿಸಿಯಾಗಿತ್ತು.

ಈಗ ನಮ್ಮ ಊರಿನ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಚೆರ್ರಿ ಮಾರಲು ಹೋಗುತ್ತೀರಿ. ವ್ಯಾಪಾರಿಯ ಹುಡುಗ ನಾಲ್ಕಾರು ಚೀಲಗಳಿಗೆ ಕೊಳವೆ ಚುಚ್ಚಿ ಸ್ಯಾಂಪಲ್ ಎಳೆಯುತ್ತಾನೆ. ತೇವಾಂಶದ ಮೀಟರಿಗೆ ಒಂದು ಹಿಡಿ. ಉಳಿದದ್ದನ್ನು ತೂಗಿ, ಪುಟ್ಟ ಹಲ್ಲರಿಗೆ ಹಾಕಿ, ಸಿಪ್ಪೆ ಊದಿ, ಮತ್ತೆ ತೂಗುತ್ತಾನೆ. ಕರಿ ಬೀಜ, ಹುಳು ತಿಂದದ್ದು, ಚೂರು ಬೆರಳಲ್ಲೇ ಬೇರೆಯಾಗುತ್ತವೆ. ಆಮೇಲೆ ಹೇಳುತ್ತಾನೆ: ಓ.ಟಿ. ಇಪ್ಪತ್ತಾರು. ಓ.ಟಿ. ಎಂದರೆ ಔಟ್‌ಟರ್ನ್, ಇಲ್ಲಿ 50 ಕಿಲೋ ಚೆರ್ರಿಗೆ 26 ಕಿಲೋ ಕ್ಲೀನ್ ಕಾಫಿ. ಪಾಯಿಂಟಿಗೆ 400 ರೂಪಾಯಿ ಎಂದಿಟ್ಟುಕೊಂಡರೆ ಚೀಲಕ್ಕೆ 10,400. ನೀವು ಇಪ್ಪತ್ತೇಳಾದರೂ ಇರಬೇಕು ಎನ್ನುತ್ತೀರಿ, ಅವನು ಇನ್ನೊಂದು ಸಲ ಸ್ಯಾಂಪಲ್ ಎಳೆಯುತ್ತಾನೆ, ಅರ್ಧ ಪಾಯಿಂಟಿನಲ್ಲಿ ರಾಜಿಯಾಗುತ್ತದೆ. ಚಹಾ ಬರುತ್ತದೆ. ಹೌದು, ಚಹಾ. ಕಾಫಿ ವ್ಯಾಪಾರಿಯ ಅಂಗಡಿಯಲ್ಲಿ ಎಷ್ಟೋ ಸಲ ನನಗೆ ಸಿಕ್ಕಿದ್ದು ಚಹಾ.

ಈ ಇಡೀ ವ್ಯವಹಾರದಲ್ಲಿ ರುಚಿ ಎಲ್ಲಿದೆ ಹೇಳಿ. ತೂಕ ಇದೆ, ತೇವ ಇದೆ, ದೋಷದ ಬೀಜದ ಲೆಕ್ಕ ಇದೆ. ಹಣ್ಣಾದದ್ದನ್ನೇ ಕೊಯ್ದವನಿಗೂ, ಆಳು ಸಿಕ್ಕ ದಿನ ಹಸಿರು ಕಾಯಿ ಸಮೇತ ಸವರಿದವನಿಗೂ ಓ.ಟಿ.ಯಲ್ಲಿ ಸಿಗುವ ವ್ಯತ್ಯಾಸ ಅಷ್ಟಕ್ಕಷ್ಟೆ. ಸಗಣಿ ಸಾರಿಸಿದ ಕಣವನ್ನು ಬಿಟ್ಟು ಸಿಮೆಂಟ್ ಕಣ ಮಾಡಿಸಿದವನಿಗೆ, ರಾತ್ರಿ ಇಬ್ಬನಿಗೆ ರಾಶಿ ಮಾಡಿ ಟಾರ್ಪಾಲು ಹೊದಿಸಿದವನಿಗೆ ವ್ಯಾಪಾರಿ ಹೆಚ್ಚು ಕೊಡುವುದು ಅಪರೂಪ. ವ್ಯಾಪಾರಿಯನ್ನು ನಾನು ದೂರುವುದಿಲ್ಲ, ಅವನ ಮುಂದಿನವನು ಅವನಿಗೂ ಅದೇ ಅಳತೆಯಲ್ಲಿ ಕೊಡುತ್ತಾನೆ.

ಇದೇ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ. ಜರಡಿಯ ಮೇಲೆ ಓಡುತ್ತದೆ. ಪಲ್ಪ್ ಮಾಡಿ ತೊಳೆದ ಅರೇಬಿಕಾ ಪಾರ್ಚ್‌ಮೆಂಟಾದರೆ 6.65 ಮಿಲಿಮೀಟರಿನ ತೂತಿನ ಜರಡಿಯಲ್ಲಿ ನಿಂತದ್ದು ಎ ಗ್ರೇಡು, ಅದಕ್ಕಿಂತ ಸಣ್ಣದು ಬಿ, ಇನ್ನೂ ಸಣ್ಣದು ಸಿ, ಒಂಟಿ ಬೀಜದ್ದು ಪೀಬೆರಿ. ಹಿಂದೆ ಸಾಲಾಗಿ ಕೂತ ಹೆಂಗಸರು ಆರಿಸುತ್ತಿದ್ದ ಕರಿ, ಕಂದು ಬೀಜಗಳನ್ನು ಈಗ ಬಹಳ ಕಡೆ ಬಣ್ಣ ಗುರುತಿಸುವ ಯಂತ್ರ ಊದಿ ತಳ್ಳುತ್ತದೆ. ಕರಿ, ಕಂದು, ಚೂರು ಈ ಮೂರೂ ಸೇರಿದ್ದು ಬಿ.ಬಿ.ಬಿ. ಒಳ್ಳೆಯದು ಹಡಗು ಹತ್ತುತ್ತದೆ, ಬಿ.ಬಿ.ಬಿ.ಯ ಒಂದು ಪಾಲು ಚಿಕೋರಿಯ ಜೊತೆ ಸೇರಿ ನಮ್ಮವರ ಫಿಲ್ಟರಿಗೇ ಬರುತ್ತದೆ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಪುಡಿಯಲ್ಲಿ ಕಾಫಿ ನೂರಕ್ಕೆ 51 ಪಾಲಿದ್ದರೆ ಸಾಕು.

ಇನ್ನು ಆ ಕಡೆಯ ಮೇಜು. ಬೆಂಗಳೂರಿನಲ್ಲೋ ಹ್ಯಾಂಬರ್ಗ್‌ನಲ್ಲೋ ಟ್ರಿಯೆಸ್ಟೆಯಲ್ಲೋ ಒಬ್ಬ ರುಚಿಗಾರ ನಿಂತಿದ್ದಾನೆ, ಅಥವಾ ನಿಂತಿದ್ದಾಳೆ. ಪ್ರತಿ ಸ್ಯಾಂಪಲ್ಲಿಗೆ ಐದು ಬಟ್ಟಲು. ಬಟ್ಟಲಿಗೆ ಎಂಟು ಗ್ರಾಂ ಚಿಲ್ಲರೆ ತರಿತರಿ ಪುಡಿ, ಅದರ ಮೇಲೆ 150 ಮಿಲಿಲೀಟರ್ ಬಿಸಿನೀರು. ನಾಲ್ಕು ನಿಮಿಷ ಕಾದರೆ ಮೇಲೆ ಒಂದು ಕೆನೆಯಂತಹ ಪದರ ಕಟ್ಟುತ್ತದೆ. ಚಮಚದ ಹಿಂಬದಿಯಿಂದ ಅದನ್ನು ಒಡೆಯುತ್ತ ಮೂಗನ್ನು ಬಟ್ಟಲಿನ ಅಂಚಿಗೆ ತರುತ್ತಾರೆ. ಆಮೇಲೆ ಚಮಚದಷ್ಟನ್ನು ಸೊರ್ ಎಂದು ಸದ್ದು ಮಾಡಿ ಹೀರುತ್ತಾರೆ, ಬಾಯಿ ತುಂಬ ಆಡಿಸಿ ಉಗಿಯುತ್ತಾರೆ. ಹಾಲಿಲ್ಲ, ಸಕ್ಕರೆ ಇಲ್ಲ. ಐದರಲ್ಲಿ ಒಂದು ಬಟ್ಟಲು ಹುಳಿ ಹಿಡಿದಿದ್ದರೂ, ಗೋಣಿಯ ವಾಸನೆ ಬಂದರೂ, ಲಾಟಿನ ಮೇಲೆ ಗೆರೆ ಬಿತ್ತು. ನೂರಕ್ಕೆ 80 ಅಂಕ ದಾಟಿದರೆ ಸ್ಪೆಷಾಲಿಟಿ ಎಂಬ ಹಣೆಪಟ್ಟಿ, ಅದರ ಬೆಲೆಯೇ ಬೇರೆ. ಇಲ್ಲಿ ಅರ್ಧ ಪಾಯಿಂಟಿಗೆ ನಾವು ಗುದ್ದಾಡುವಾಗ ಅಲ್ಲಿ ಅವರು ಅರ್ಧ ಅಂಕಕ್ಕೆ ಗುದ್ದಾಡುತ್ತಾರೆ, ಎರಡೂ ಒಂದೇ ಕಾಫಿಯ ಮೇಲೆ. ನಮ್ಮ ಅಳತೆ ಅವರಿಗೆ ಗೊತ್ತಿಲ್ಲ, ಅವರದ್ದು ನಮಗೆ ಗೊತ್ತಿಲ್ಲ. ಈ ಸಭೆಯಲ್ಲಿ ತಮ್ಮ ತೋಟದ ಕಾಫಿಯನ್ನೇ, ಬೇರೆ ಯಾವುದೂ ಬೆರೆಯದಂತೆ ಹುರಿದು, ಹಾಲು ಹಾಕದೆ ಕುಡಿದು ನೋಡಿದವರು ಎಷ್ಟು ಮಂದಿ ಎಂದು ಕೈ ಎತ್ತಲು ನಾನು ಹೇಳುವುದಿಲ್ಲ. ಮುಜುಗರವಾದೀತು.

ಹಾಗೆಂದು ಇಬ್ಬರ ನಡುವೆ ಪಾಠವೇ ನಡೆದಿಲ್ಲ ಎಂದಲ್ಲ. ಕೊಳ್ಳುವವರು ನಮಗೆ ಕಲಿಸಿದ್ದಕ್ಕೆ ಹಳೆಯ ಉದಾಹರಣೆ ಮಾನ್ಸೂನ್ಡ್ ಮಲಬಾರ್. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾ ಸುತ್ತಿ ಯುರೋಪು ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಉಪ್ಪುಗಾಳಿಗೆ, ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ತಿಳಿಹಳದಿಗೆ ತಿರುಗುತ್ತಿತ್ತು, ಹುಳಿ ಕಡಿಮೆಯಾಗುತ್ತಿತ್ತು. ಅಲ್ಲಿಯವರ ನಾಲಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿ ಹಡಗುಗಳು ಓಡತೊಡಗಿದ ಮೇಲೆ ಕಾಫಿ ತಾಜಾ ಆಗಿ ತಲುಪಿತು, ಕೊಂಡವರು ಮುಖ ಸಿಂಡರಿಸಿದರು. ಹಾಗಾಗಿ ಮಂಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪಕ್ಕ ತೆರೆದ ಗೋದಾಮುಗಳಲ್ಲಿ ಚೆರ್ರಿ ಕಾಫಿಯನ್ನು ನೆಲದ ಮೇಲೆ ಹರವಿ, ಮಗುಚಿ, ಸಡಿಲವಾಗಿ ಚೀಲ ತುಂಬಿಸಿ ಗಾಳಿಗೆ ಇಡುವ ಪದ್ಧತಿ ಬೆಳೆಯಿತು. ಅದಕ್ಕೀಗ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಹಡಗಿನಲ್ಲಿ ಕೆಟ್ಟದ್ದನ್ನು ಕೊಂಡವರು ಮೆಚ್ಚಿದರು, ನಾವು ಅದನ್ನೇ ಬೇಕೆಂದು ಮಾಡಲು ಕಲಿತೆವು.

ನಾವು ಅವರಿಗೆ ಕಲಿಸಿದ್ದಕ್ಕೆ ಉದಾಹರಣೆ ರೊಬಸ್ಟಾ. ನನ್ನ ಮಟ್ಟಿಗೆ ಈ ಉಪನ್ಯಾಸದ ತಿರುಳು ಇಲ್ಲಿದೆ. ಜಗತ್ತಿನ ಹೆಚ್ಚಿನ ಕಡೆ ರೊಬಸ್ಟಾ ಎಂದರೆ ಬಿಸಿಲಿನಲ್ಲಿ ಬೆಳೆದು, ಸಿಪ್ಪೆ ಸಮೇತ ಒಣಗಿಸಿ, ಇನ್‌ಸ್ಟಂಟ್ ಕಾರ್ಖಾನೆಗೆ ಸುರಿಯುವ ಅಗ್ಗದ ಸರಕು. ನಮ್ಮಲ್ಲಿ ಅದು ಬೆಳೆಯುವುದು ಮರದ ನೆರಳಲ್ಲಿ, ಅದೇ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಪಕ್ಕದಲ್ಲಿ. ಅರೇಬಿಕಾದಂತೆಯೇ ಹಣ್ಣು ಆರಿಸಿ, ಪಲ್ಪ್ ಮಾಡಿ, ಲೋಳೆ ತೊಳೆದು ಪಾರ್ಚ್‌ಮೆಂಟ್ ಮಾಡುವವರೂ ನಮ್ಮಲ್ಲಿದ್ದಾರೆ. ಹಾಗೆ ಮಾಡಿದ ದಪ್ಪ ಬೀಜಕ್ಕೆ ರೊಬಸ್ಟಾ ಕಾಪಿ ರಾಯಲ್ ಎಂದು ಹೆಸರಿಟ್ಟು ಮಾರಿದ್ದು ನಮ್ಮವರೇ. ಇಟಲಿಯ ಎಸ್ಪ್ರೆಸೊ ಹುರಿಯುವವರು ಅದನ್ನು ಬೆರಕೆಗೆ ಹಾಕಿ ನೋಡಿದರು. ಮೇಲೆ ನಿಲ್ಲುವ ನೊರೆ ಗಟ್ಟಿಯಾಯಿತು, ಕುಡಿದರೆ ಬಾಯಿಗೆ ತೂಕ ಬಂತು, ಸುಟ್ಟ ರಬ್ಬರಿನ ವಾಸನೆ ಇರಲಿಲ್ಲ. ಇದು ತಾನಾಗಿ ಆಗಲಿಲ್ಲ. ಕಾಫಿ ಮಂಡಳಿಯ ಗುಣಮಟ್ಟ ವಿಭಾಗದಲ್ಲಿ 1970ರ ದಶಕದಿಂದ ದುಡಿದು ಆಮೇಲೆ ಬೆಂಗಳೂರಿನಲ್ಲಿ ಸ್ವಂತ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್ ಅವರಂತಹ ರುಚಿಗಾರರು ದೇಶದೇಶದ ಮೇಜಿನ ಮುಂದೆ ನಿಂತು ನಮ್ಮ ಕಾಫಿಯ ಪರವಾಗಿ ಮಾತನಾಡಿದರು. ನಮ್ಮ ಕಾಫಿಯಲ್ಲಿ ಬಹುಪಾಲು ಹೊರದೇಶಕ್ಕೇ ಹೋಗುತ್ತದೆ, ಇಟಲಿ ನಮ್ಮ ದೊಡ್ಡ ಗಿರಾಕಿ. ಇಟಲಿಯವನಿಗೆ ಈ ಒಂದು ಪಾಠ ಸರಿಯಾಗಿ ಮುಟ್ಟದೆ ಇದ್ದಿದ್ದರೆ ನಮ್ಮ ರೊಬಸ್ಟಾಕ್ಕೆ ಅಲ್ಲಿ ಈ ಜಾಗ ಸಿಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಈಗಿನ ವ್ಯವಸ್ಥೆಯನ್ನೂ ಹೇಳಬೇಕು. ಕಾಫಿ ಮಂಡಳಿ ಬೆಂಗಳೂರಿನಲ್ಲಿ ಕಾಪಿ ಶಾಸ್ತ್ರ ಎಂಬ ಹೆಸರಿನಲ್ಲಿ ಹುರಿಯುವ, ಕುದಿಸುವ ತರಬೇತಿ ನಡೆಸುತ್ತದೆ. ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಇದೆ, ಅದರ ವಿದ್ಯಾರ್ಥಿಗಳು ಒಂದು ಅವಧಿಯನ್ನು ನಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕಳೆಯುತ್ತಾರೆ. 2002ರಲ್ಲಿ ಫ್ಲೇವರ್ ಆಫ್ ಇಂಡಿಯಾ ಎಂಬ ಕಾಫಿ ರುಚಿಯ ಸ್ಪರ್ಧೆ ಶುರುವಾಯಿತು. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಎಲ್ಲವೂ ಒಳ್ಳೆಯದೇ. ನನ್ನ ತಕರಾರು ಒಂದೇ, ಬಂದ ಅತಿಥಿ ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ ಕೂತು ಪರದೆಯ ಮೇಲೆ ತೋಟ ನೋಡಿ ಹಿಂದಿರುಗುತ್ತಾನೆ. ಗುಡ್ಡಕ್ಕೆ ಬಂದರೂ ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ, ಮುಳ್ಳಯ್ಯನಗಿರಿ, ಒಂದು ಜಲಪಾತ. ಕಣದ ಮೇಲೆ ನಿಂತದ್ದಿಲ್ಲ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಪ್ರಯೋಗ ಕೇಂದ್ರ ತೆರೆದಾಗ ಮೈಸೂರು ಸರ್ಕಾರ ಅದನ್ನು ಕಾಫಿ ಸೀಮೆಯ ನಡುವೆಯೇ ಇಟ್ಟಿತು. ಎಸ್. 795 ತಳಿ ಬಂದದ್ದು ಅಲ್ಲಿಂದ, ಅದರ ಗಿಡ ಇಲ್ಲಿ ಕೂತ ಎಷ್ಟೋ ಜನರ ತೋಟದಲ್ಲಿದೆ. ಕೊಳ್ಳುವವರ ಶಾಲೆಯೂ ಹಾಗೆಯೇ ಇಲ್ಲಿಯೇ ಇರಬೇಕು ಎನ್ನುತ್ತೇನೆ. ಕಟ್ಟಡ ಬೇಡ. ಒಂದು ಸಣ್ಣ ಹುರಿಯುವ ಯಂತ್ರ, ಒಂದು ಉದ್ದದ ಮೇಜು, ಬಟ್ಟಲುಗಳು, ತೇವಾಂಶದ ಮೀಟರು, ಜರಡಿಗಳು. ಸೊಸೈಟಿಯ ಗೋದಾಮಿನ ಒಂದು ಮೂಲೆ ಸಾಕು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನವು. ಒಬ್ಬೊಬ್ಬರೇ ವಿದೇಶದವನನ್ನು ಕರೆತರುವುದು ಆಗದ ಮಾತು, ಆದರೆ ಹೋಬಳಿ ಸೇರಿದರೆ ಆಗುತ್ತದೆ.

ಬಂದವನಿಗೆ ತೋರಿಸಬೇಕಾದದ್ದು ನಮ್ಮ ದಿನದ ಕೆಲಸವೇ. ಬೆಳಗ್ಗೆ ಕುಯಿಲಿನವರ ಜೊತೆ ಸಾಲಿಗೆ ಇಳಿಸಿ. ಹಣ್ಣು ಮಾತ್ರ ಕಿತ್ತರೆ ದಿನಕ್ಕೆ ಎಷ್ಟು ಬುಟ್ಟಿ ಕಮ್ಮಿ ಎಂದು ಅವನ ಕೈಗೇ ಗೊತ್ತಾಗಲಿ, ಆಗ ಸ್ಪೆಷಾಲಿಟಿಗೆ ಬೆಲೆ ಕೇಳುವಾಗ ನಾವು ಹೆಚ್ಚು ಮಾತಾಡಬೇಕಾಗಿಲ್ಲ. ಮಧ್ಯಾಹ್ನ ಪಲ್ಪರ್, ತೊಟ್ಟಿ, ಕಣ. ಪಾರ್ಚ್‌ಮೆಂಟಿನ ತೇವಾಂಶ ಹತ್ತಕ್ಕೆ ಇಳಿಯುವ ಮೊದಲು ಮೋಡ ಕವಿದರೆ ಮನೆಯವರೆಲ್ಲ ಓಡುವುದನ್ನು ಅವನು ನೋಡಲಿ. ಸಂಜೆ ಓ.ಟಿ. ತೆಗೆಯುವ ಅಂಗಡಿ. ಮರುದಿನ ಮೇಜು: ಅದೇ ತೋಟದ, ಅದೇ ದಿನದ ಕಾಫಿಯನ್ನು ಎರಡು ಕಣದಲ್ಲಿ ಒಣಗಿಸಿದ್ದನ್ನು ಅಕ್ಕಪಕ್ಕ ಇಡಿ. ಅವನ ಪಕ್ಕದಲ್ಲಿ ಬೆಳೆಗಾರನೂ ಚಮಚ ಹಿಡಿದು ನಿಲ್ಲಬೇಕು, ಬೆಳೆಗಾರನ ಹೆಂಡತಿಯೂ ನಿಲ್ಲಬೇಕು. ಕಣದ ಜವಾಬ್ದಾರಿ ಬಹಳ ಮನೆಗಳಲ್ಲಿ ಅವರದೇ.

ಇದಕ್ಕೆ ಒಬ್ಬ ಹಿರಿಯರು ನನ್ನ ಹತ್ತಿರ ಎತ್ತಿದ ಆಕ್ಷೇಪಣೆ ಗಂಭೀರವಾದದ್ದು. "ಎಲ್ಲ ತೋರಿಸಿದರೆ ನಮ್ಮ ಹುಳುಕೂ ಕಾಣುತ್ತದಲ್ಲ ಮಾರಾಯ್ರೇ" ಎಂದರು. ಕಾಣುತ್ತದೆ. ಆದರೆ ಕಾಲ ಹೇಗಿದೆ ಎಂದರೆ, ತೋರಿಸದೆ ಇರುವ ಆಯ್ಕೆ ನಮ್ಮ ಕೈಯಲ್ಲಿ ಉಳಿಯುತ್ತಿಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಯಾವ ತೋಟದ್ದು ಎಂದು ನಕ್ಷೆಯ ಬಿಂದುವನ್ನೇ ಕೊಡಬೇಕು. ಜಾರಿಯ ದಿನ ಮುಂದೂಡಿಕೆಯಾಗಿದೆ, ಆದರೆ ಕಾನೂನು ರದ್ದಾಗಿಲ್ಲ. ಉಪಗ್ರಹದ ಚಿತ್ರ ನೋಡಿ ನಮ್ಮ ನೆರಳಿನ ತೋಟವನ್ನು ಕಾಡೋ ತೋಟವೋ ಎಂದು ಗೊಂದಲಪಡುವ ಗುಮಾಸ್ತನಿಗೆ, ಅತ್ತಿ, ಹಲಸು, ನಂದಿ ಮರಗಳ ಕೆಳಗೆ ನೂರು ವರ್ಷದಿಂದ ಕಾಫಿ ಇದೆ ಎಂದು ಹೇಳುವವರು ಬೇಕು. ಇಲ್ಲಿ ಕಲಿತು ಹೋದ ಖರೀದಿದಾರ ಆ ಮಾತನ್ನು ನಮಗಿಂತ ಚೆನ್ನಾಗಿ ಅಲ್ಲಿ ಹೇಳಿಯಾನು.

ಈ ಶಾಲೆಯನ್ನು ಯಾವಾಗ ನಡೆಸಬೇಕು ಎಂಬುದು ಉಳಿಯಿತು. ಡಿಸೆಂಬರಿನಲ್ಲಿ ಅರೇಬಿಕಾ ಕುಯಿಲು ಜೋರು, ಆಳಿನ ತಾಪತ್ರಯ, ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್‌ಗೆ ಹೋದರೆ ಕಣ ಖಾಲಿ, ಎಲ್ಲರ ಕಣ್ಣು ಹೂಮಳೆಯ ಮೇಲೆ. ಫೆಬ್ರವರಿಯ ಮೊದಲ ಎರಡು ವಾರ ರೊಬಸ್ಟಾ ಹಣ್ಣು ಗಿಡದಲ್ಲೂ ಇರುತ್ತದೆ, ಅರೇಬಿಕಾ ಪಾರ್ಚ್‌ಮೆಂಟ್ ಗೋದಾಮಿನಲ್ಲೂ ಇರುತ್ತದೆ. ಈ ವರ್ಷ ನಾಲ್ಕು ಮನೆಯವರು ತಲಾ ಒಂದೊಂದು ಚೀಲವನ್ನು, ಕೊಯ್ದ ದಿನ, ಒಣಗಿಸಿದ ದಿನ, ಬ್ಲಾಕಿನ ಹೆಸರು ಬರೆದು ಬೇರೆ ಇಟ್ಟರೆ ಮೇಜಿನ ಮೇಲಿಡಲು ಸರಕಾಯಿತು. ಚೀಲ ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬಹುದು.